ಬಾಗಿಲಲ್ಲಿ ಉಳಿದ ಬಾಲ

ಆ ಪೊರಕೆ ಕೆಳಗಿಡು ಮಗಾ. ಗೋಡೆ ಮೇಲಿನ ಹಲ್ಲಿ ನಿನಗೇನು ಮಾಡಿತು? ಬಾ, ಕೂತ್ಕೋ. ಅದರ ಕತೆ ಹೇಳುತ್ತೇನೆ.

ಆಗಿನ್ನೂ ಲೋಕ ಹೊಸದು. ಬೆಟ್ಟಗಳ ಮೈಬಿಸಿ ಆರಿರಲಿಲ್ಲ. ಯಾವ ಕಡೆ ಬೀಸಬೇಕೆಂದು ಗಾಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಆ ಕಾಲದಲ್ಲಿ ಹಲ್ಲಿ ಹೊರಗೆ, ಬಿಸಿಲಲ್ಲಿ, ಅಣ್ಣ ಓತಿಕೇತನ ಜೊತೆ ಒಂದೇ ಬಂಡೆ ಮೇಲೆ ಇರುತ್ತಿತ್ತು. ಮಾತು ಅಂದರೆ ಮಾತು! ನಿನ್ನ ಹಾಗೇ, ಬಾಯಿಗೆ ಬೀಗವೇ ಇಲ್ಲ.

ಬಂಡೆಯ ಎದುರಿಗೇ ಗುಡ್ಡದಮ್ಮನ ಗುಡಿ. ವರ್ಷಕ್ಕೆ ಮೂರೇ ದಿನ ಅದರ ಬಾಗಿಲು ತೆರೆಯುವುದು. ಆ ಮೂರು ದಿನ ಅಭಿಷೇಕ, ಹೂವು, ತಮಟೆ, ಹೆಂಗಸರು ತಲೆ ಮೇಲೆ ಹೊತ್ತು ತರುವ ತಂಬಿಟ್ಟಿನ ಆರತಿ. ಮೂರನೆಯ ಮಧ್ಯಾಹ್ನ ಪೂಜಾರಿ ಬೋರಯ್ಯ ಹೊಸ್ತಿಲ ಹೊರಗೆ ನಿಂತು, "ಒಳಗೆ ಯಾರಾದರೂ ಇದ್ದೀರಾ?" ಎಂದು ಮೂರು ಸಲ ಕೂಗುತ್ತಿದ್ದ. ಯಾರೂ ಓಗೊಡದಿದ್ದರೆ ಕಲ್ಲಿನ ಬಾಗಿಲು ಮುಚ್ಚಬೇಕು. ಮತ್ತೆ ಮುಂದಿನ ವರ್ಷವೇ ತೆರೆಯುವುದು. ಅದು ಕಟ್ಟಳೆ.

ಒಂದು ವರ್ಷ ಹಲ್ಲಿ ದೀಪದ ಹುಳುವಿನ ಆಸೆಗೆ ಒಳಗೆ ಹೋಯಿತು. ಬೋರಯ್ಯ ಮೂರು ಸಲ ಕೂಗಿದ್ದು ಅದಕ್ಕೆ ಕೇಳಿಸಿತು. ಆದರೆ ಬಾಯಿ ತುಂಬ ಹುಳು! "ಲೊಚ್" ಅಂದಿತು, ಅಷ್ಟೇ. ತಮಟೆ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು? ಬಾಗಿಲು ಮುಚ್ಚಿತು.

ಸ್ವಲ್ಪ ಹೊತ್ತಿಗೆ ದೀಪವೂ ಆರಿತು. ಹಲ್ಲಿ ಅಳತೊಡಗಿತು. ಆಗ ಕತ್ತಲೊಳಗಿಂದ ಗುಡ್ಡದಮ್ಮ ಕೇಳಿದಳು, "ಯಾರವ್ವಾ ಅದು?"

"ನಾನು ಕಣಮ್ಮಾ, ಹಲ್ಲಿ."

"ಅಯ್ಯೋ, ಇಲ್ಲಿ ನನ್ನ ಜೊತೆ ಯಾರೂ ಉಳಿದೇ ಇರಲಿಲ್ಲ ಕಣೇ. ಮೂರು ದಿನ ಬರ್ತಾರೆ, ಬೇಡ್ತಾರೆ, ಹೋಗ್ತಾರೆ. ಆಮೇಲೆ ನಾನು ಎಷ್ಟು ಮಾತಾಡಿದರೂ ನನ್ನ ದನಿ ನನಗೇ ಕೇಳುತ್ತೆ."

ಹಲ್ಲಿ ಅಳು ನಿಲ್ಲಿಸಿ ಅವಳ ಹತ್ತಿರ ಸರಿಯಿತು. ಇಬ್ಬರೂ ಮಾತಾಡಿದರು, ಮಾತಾಡಿದರು, ಕೊನೆಗೆ ಮಾತೆಲ್ಲ ಮುಗಿದುಹೋಯಿತು. ಆಮೇಲೆ ಅಮ್ಮ ಆಗಾಗ "ಇದ್ದೀಯೇನೇ?" ಅನ್ನುವಳು. ಹಲ್ಲಿ "ಲೊಚ್" ಅನ್ನುವುದು. ಇದ್ದೀನಿ ಅನ್ನಲು ಅಷ್ಟೇ ಸಾಕಾಗಿತ್ತು.

ವರ್ಷ ತುಂಬಿ ಬಾಗಿಲು ತೆರೆಯಿತು. ಹಲ್ಲಿ ಒಂದೇ ಓಟಕ್ಕೆ ಬಂಡೆ ಹತ್ತಿತು. ಆಹಾ, ಬಿಸಿಲು! ಓತಿಕೇತನಿಗೆ ಕಣ್ಣಲ್ಲಿ ನೀರು. "ಇನ್ನೆಲ್ಲೂ ಹೋಗಬೇಡ ಕಣೇ. ಒಬ್ಬನೇ ಇಲ್ಲಿ ಕೂರೋಕೆ ಆಗ್ತಿರಲಿಲ್ಲ" ಅಂದ.

ಮೂರನೆಯ ಮಧ್ಯಾಹ್ನ ಬೋರಯ್ಯ ಕೂಗಿದ, "ಒಳಗೆ ಯಾರಾದರೂ ಇದ್ದೀರಾ?"

ಉತ್ತರವಿಲ್ಲ. ಮತ್ತೆ ಕೂಗಿದ. ಆಗಲೂ ಉತ್ತರವಿಲ್ಲ.

ಅಮ್ಮ ಇದ್ದಾಳಲ್ಲ ಒಳಗೆ! ಅದು ಯಾರಿಗೂ ಹೊಳೆಯಲೇ ಇಲ್ಲ. ಹಲ್ಲಿ ಅಣ್ಣನ ಮುಖ ನೋಡಿತು, ಬಾಗಿಲ ಕಡೆ ನೋಡಿತು. ಮೂರನೆಯ ಕೂಗಿಗೆ ಬಂಡೆಯಿಂದ ಧುಮುಕಿ ಓಡಿತು.

"ಬಾರೇ, ಬಾರೇ" ಎಂದು ಓತಿಕೇತ ತಲೆಯಾಡಿಸಿ ಕರೆಯುತ್ತಲೇ ಇದ್ದ. ಹಲ್ಲಿ ಒಳಗೆ ನುಗ್ಗಿತು. ಆದರೆ ಬಾಗಿಲಿಗೆ ಸಿಕ್ಕಿ ಬಾಲ ತುಂಡಾಯಿತು. ಹೊರಗೆ ಬಿದ್ದ ತುಂಡು ಬಿಸಿಲಲ್ಲಿ ಸ್ವಲ್ಪ ಹೊತ್ತು ಒದ್ದಾಡಿ ಸುಮ್ಮನಾಯಿತು.

ಒಳಗೆ ಅಮ್ಮ ಹೆದರಿ ಹೆದರಿ ಕೇಳಿದಳು, "ಹೋದೆಯೇನೇ?"

"ಲೊಚ್."

ಅಮ್ಮ ತಡಕಾಡಿ, ಗಾಯದ ಮೇಲೆ ಬೆರಳಾಡಿಸಿದಳು. ಬಾಲ ಮತ್ತೆ ಚಿಗುರಿತು. ಹಲ್ಲಿ ಮಾತ್ರ ಮತ್ತೆ ಬಂಡೆಗೆ ಹೋಗಲಿಲ್ಲ.

ಅದಕ್ಕೇ ಮಗಾ, ಹಲ್ಲಿ ಮನೆಯೊಳಗೇ ಇರುತ್ತದೆ, ಅದರ ಬಾಲ ತುಂಡಾದರೂ ಬೆಳೆಯುತ್ತದೆ. ಅಣ್ಣ ಓತಿಕೇತ ಇವತ್ತಿಗೂ ಬೇಲಿ ಮೇಲೆ ಕೂತು, ತಲೆಯಾಡಿಸಿ ತಂಗಿಯನ್ನು ಕರೆಯುತ್ತಾನೆ. ನೀನು ಸ್ಕೂಲಿಗೆ ಹೋದಮೇಲೆ ಈ ಕೋಣೆಯಲ್ಲಿ ನಾನೊಬ್ಬಳೇ ಏನಾದರೂ ಗೊಣಗಿಕೊಂಡರೆ, ಗೋಡೆ ಮೇಲಿಂದ ಹಲ್ಲಿ "ಲೊಚ್ ಲೊಚ್" ಅನ್ನುತ್ತದೆ. ಆಗ ನಾನು ನೆಲಕ್ಕೆ ಬೆರಳು ಬಡಿದು "ಕೃಷ್ಣ ಕೃಷ್ಣ" ಅನ್ನುತ್ತೇನಲ್ಲ, ಅದು ಯಾಕೆ ಗೊತ್ತೇ? ನಾನೂ ಇದ್ದೀನಿ ಕಣೇ, ಅಂತ ಅದಕ್ಕೆ ತಿಳಿಸುವುದಕ್ಕೆ.