ತಣ್ಣನೆಯ ಗಾಜಿನ ಮೇಲೊಂದು ಅಂಗೈ

ನಕ್ಷತ್ರಗಳ ನಡುವೆ ಹೋಗುತ್ತಿದ್ದ ಒಂದು ನೌಕೆಯಲ್ಲಿ ಎಚ್ಚರವಾಗಿದ್ದವರು ಇಬ್ಬರೇ. ಗುರು ಹೊನ್ನಾಜಮ್ಮ, ಶಿಷ್ಯೆ ವನಮಾಲ. ಮಿಕ್ಕವರೆಲ್ಲ, ಮೀಸೆ ಹೊತ್ತ ಗಂಡಸರೂ ಸೇರಿದಂತೆ, ಗಾಜಿನ ತೊಟ್ಟಿಲುಗಳಲ್ಲಿ ಮಲಗಿದ್ದರು.

ಅದು ಕೊರೆಯುವ ಚಳಿಯ ನಿದ್ದೆ. ಅದರಲ್ಲಿ ಮಲಗಿದವರಿಗೆ ವಯಸ್ಸಾಗುವುದಿಲ್ಲ. ಕಾಯುವವರಿಗೆ ಆಗುತ್ತದೆ. ಒಮ್ಮೆ ಎದ್ದವರು ಮತ್ತೆ ಆ ನಿದ್ದೆಗೆ ಮರಳುವಂತಿಲ್ಲ, ಮೈ ತಡೆಯುವುದಿಲ್ಲ. ಹೊಸ ನೆಲವೋ, ಒಂದು ಆಯುಷ್ಯದಷ್ಟು ದೂರವಿತ್ತು.

ಹೊನ್ನಾಜಮ್ಮನಿಗೆ ಮುಪ್ಪು ಬಂದಾಗ ಕಾವಲು ಕಲಿಸಲು ಇನ್ನೊಬ್ಬರನ್ನು ಎಬ್ಬಿಸಬೇಕಾಯಿತು. ನೌಕೆ ಹತ್ತುವ ಮುಂಚೆಯೇ ವನಮಾಲ ಆ ಕೆಲಸಕ್ಕೆ ಒಪ್ಪಿಕೊಂಡಿದ್ದಳು.

"ನನ್ನ ಮಗಳ ನಿದ್ದೇನ ನಾನೇ ಕಾಯ್ತೀನಿ" ಎಂದಿದ್ದಳು.

ಹೇಳುವುದಕ್ಕೇನು, ಆಗ ಮಗಳು ಚಿತ್ಕಳ, ಪಕ್ಕದಲ್ಲೇ ಅವಳ ಸೆರಗು ಹಿಡಿದು ನಿಂತಿದ್ದಳು.

ಕಾವಲಿನ ಕೆಲಸ ಸರಳ. ದಿನವೂ ಒಂದೊಂದು ಗಾಜಿನ ಮೇಲಿನ ಮಂಜನ್ನೂ ಒಣ ಬಟ್ಟೆಯಿಂದ ಒರೆಸಬೇಕು. ಒಳಗಿರುವವರ ಹೆಸರು ಹಿಡಿದು ಒಮ್ಮೆ ಕರೆಯಬೇಕು. ಮುಂದಕ್ಕೆ ನಡೆಯಬೇಕು.

"ಅವರಿಗೆ ಕೇಳಿಸಲ್ಲವಲ್ಲ ಅಮ್ಮ, ಯಾಕೆ ಕರೀಬೇಕು?" ಎಂದು ಮೊದಮೊದಲು ವನಮಾಲ ಕೇಳಿದ್ದಳು.

"ಕರೆಯೋರಿಲ್ಲದಿದ್ರೆ ಹೆಸರು ಹಳಸಿಹೋಗುತ್ತೆ" ಎಂದಿದ್ದರು ಹೊನ್ನಾಜಮ್ಮ.

ವನಮಾಲ ಎಲ್ಲವನ್ನೂ ಚೆನ್ನಾಗಿ ಕಲಿತಳು. ಒಂದು ತೊಟ್ಟಿಲಿನ ಹತ್ತಿರ ಮಾತ್ರ ಅವಳ ವಿದ್ಯೆಯೆಲ್ಲ ಕೈಕೊಡುತ್ತಿತ್ತು.

ಆರು ವರ್ಷದ ಚಿತ್ಕಳ ಮಗ್ಗುಲಾಗಿ ಮಲಗಿದ್ದಳು. ಎರಡು ಜಡೆಗಳಲ್ಲಿ ಒಂದು ಬಿಚ್ಚಿಹೋಗಿತ್ತು. ಅದನ್ನೊಮ್ಮೆ ಹೆಣೆದುಬಿಡಬೇಕು ಎಂದು ವನಮಾಲಳ ಬೆರಳುಗಳು ಚಡಪಡಿಸುತ್ತಿದ್ದವು. ಹೆತ್ತ ಕರುಳು, ಎಷ್ಟು ದಿನ ತಡೆದೀತು? ಅಲ್ಲಿ ಅವಳು ಬಟ್ಟೆಯನ್ನು ಬದಿಗಿಟ್ಟು ಗಾಜಿಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು. ಕೈ ಮರಗಟ್ಟುವವರೆಗೂ ನಿಲ್ಲುತ್ತಿದ್ದಳು. ಆಮೇಲೆ ಇನ್ನೊಂದು ಕೈ ಇಡುತ್ತಿದ್ದಳು.

ಒಂದು ದಿನ, ಒರೆಸಲು ತೊಡಗುವ ಮುಂಚೆ, ಹೊನ್ನಾಜಮ್ಮ ಆ ತೊಟ್ಟಿಲಿನ ಮುಂದೆ ನಿಂತರು.

"ಎಲ್ಲಾ ಗಾಜಿನ ಮೇಲೂ ಮಂಜಿದೆ. ಇಲ್ಲಿ ಮಾತ್ರ ಇಲ್ವಲ್ಲ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ. "ಇಲ್ಲಿ ಚಳಿ ಸ್ವಲ್ಪ ಕಮ್ಮಿ ಇರಬೇಕು ಅಮ್ಮ" ಎಂದಳು ವನಮಾಲ.

"ಹೂಂ. ಒಂದು ಅಂಗೈಯಷ್ಟು ಕಮ್ಮಿ."

ಒಳಗೆ ಮಗುವಿನ ರೆಪ್ಪೆ ಸಣ್ಣಗೆ ಅಲುಗಿತು. ಇಬ್ಬರೂ ನೋಡಿದರು.

"ನಿದ್ದೆ ತೆಳ್ಳಗಾಗ್ತಿದೆ" ಎಂದರು ಹೊನ್ನಾಜಮ್ಮ. "ಹೀಗೇ ಕಾವು ಕೊಟ್ರೆ ಎದ್ದುಬಿಡ್ತಾಳೆ. ನಿಂಗೆ ಗೊತ್ತಿರಲಿಲ್ವಾ?"

ವನಮಾಲ ಸುಳ್ಳು ಹೇಳಲು ಬಾಯಿ ತೆರೆದಳು. ಅಳು ಬಂತು.

"ಗೊತ್ತಿತ್ತು. ಅವಳಿಲ್ಲದೆ ನಂಗೆ ಆಗ್ತಿಲ್ಲ ಅಮ್ಮ. ಕಣ್ಣೆದುರಿಗೇ ಇದ್ದಾಳೆ, ಮುಟ್ಟೋ ಹಾಗಿಲ್ಲ. ಒಂದು ಸಲ 'ಅಮ್ಮಾ' ಅಂದ್ರೆ ಸಾಕು."

ಗುರು ಬೈಯಲಿಲ್ಲ. ಬಗ್ಗಿ, ತೊಟ್ಟಿಲಿನ ಹಿಡಿಗೆ ಹಾಕಿದ್ದ ಬೀಗವನ್ನು ತೆಗೆದರು.

"ಕದ್ದು ಯಾಕೆ ಎಬ್ಬಿಸ್ತೀಯ? ಇಕೋ, ತಿರುಗಿಸು. ತಾಯಿ ನೀನು, ನಾನು ಅಡ್ಡ ಬರಲ್ಲ."

ವನಮಾಲ ನಂಬಲಾರದೆ ಹಿಡಿಗೆ ಕೈ ಹಾಕಿದಳು. ಮಗು ಈ ಓಣಿಗಳಲ್ಲಿ ಓಡಾಡುತ್ತದೆ. ಪಕ್ಕದಲ್ಲಿ ಕೂತು ಉಣ್ಣುತ್ತದೆ, ಕತೆ ಹೇಳು ಎಂದು ಪೀಡಿಸುತ್ತದೆ. ಇಲ್ಲೇ ದೊಡ್ಡದಾಗುತ್ತದೆ. ಇಲ್ಲೇ ಅದರ ಕೂದಲು ನೆರೆಯುತ್ತದೆ. ಆ ಕೊನೆಯ ಯೋಚನೆಯನ್ನು ಅವಳು ಆಚೆಗೆ ತಳ್ಳಿದಳು.

"ಎಬ್ಬಿಸ್ತೀನಿ" ಎಂದಳು.

"ಎಬ್ಬಿಸು. ಎದ್ದ ತಕ್ಷಣ ಏನಂತಾಳೆ ನಿನ್ನ ಮಗಳು?"

ಅಳುವಿನ ನಡುವೆಯೂ ವನಮಾಲಳಿಗೆ ನಗು ಬಂತು. ಮಗಳನ್ನು ಅವಳು ಬಲ್ಲಳು. ಹಿಂದೆಲ್ಲ ಊರಿಂದೂರಿಗೆ ಹೋಗುವಾಗ ನಿದ್ದೆಯಿಂದ ಕಣ್ಣುಬಿಟ್ಟಾಗಲೆಲ್ಲ ಅವಳದು ಒಂದೇ ರಾಗ.

"'ಊರು ಬಂತಾ?' ಅಂತಾಳೆ."

"ನೀನೇನಂತೀಯ?"

ವನಮಾಲ ಹಿಡಿಯನ್ನು ಗಟ್ಟಿಯಾಗಿ ಹಿಡಿದೇ ಇದ್ದಳು. ಹೊನ್ನಾಜಮ್ಮ ಅವಸರಪಡಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಕೈ ತೆಗೆದಳು. ಬೀಗವನ್ನು ತಾನೇ ಹಾಕಿದಳು. ಗಾಜಿನ ಮೇಲೆ ಮಂಜು ಮೆಲ್ಲಗೆ ಹಬ್ಬತೊಡಗಿತು. ಬಿಚ್ಚಿದ ಜಡೆ ಮರೆಯಾಯಿತು, ಆಮೇಲೆ ಮುಖ.

"ಚಿತ್ಕಳಾ" ಎಂದು ಒಮ್ಮೆ ಕರೆದಳು.

ಇಬ್ಬರೂ ಮುಂದಿನ ತೊಟ್ಟಿಲಿಗೆ ನಡೆದರು. ಅಲ್ಲಿ ವನಮಾಲ ಹಿಂತಿರುಗಿ ನೋಡಿದಳು.

"ಅಮ್ಮ, ಅವಳು ಏಳೋ ಹೊತ್ತಿಗೆ ನಾನು ನಿಮ್ಮ ಹಾಗೆ ಮುದುಕಿ ಆಗಿರ್ತೀನಿ. ಅವಳಿಗೆ ನನ್ನ ಗುರುತೇ ಸಿಗದಿದ್ರೆ?"

"ಸಿಗಲಿಕ್ಕಿಲ್ಲ" ಎಂದರು ಹೊನ್ನಾಜಮ್ಮ.

ವನಮಾಲ ಮುಖ ಮುಚ್ಚಿಕೊಂಡಳು. ಮುದುಕಿ ಅವಳ ಬೆನ್ನ ಮೇಲೆ ಕೈಯಿಟ್ಟರು.

"ಊರು ಬಂತು ಅಂತ ಎತ್ತಿಕೊಂಡೋರ ಹೆಗಲಿಗೆ ನಿದ್ದೆಗಣ್ಣಿನ ಮಗು ಮೊದಲು ತಲೆ ಇಡುತ್ತೆ ಕಣೇ. ಮುಖ ನೋಡೋದು ಆಮೇಲೆ."