ಏಳು ಸೀಟಿನ ಕಾರು ಮತ್ತು ಚೌಡನ ತಲೆ

“ಹುಲಿಗುಡ್ಡದ ಸಮಸ್ತ ಪ್ರಜೆಗಳಿಗೆ ತಿಳಿಯಪಡಿಸುವುದೇನೆಂದರೆ, ಅರಮನೆಯ ಸಂಸಾರವೆಲ್ಲ ಒಟ್ಟಿಗೆ ಕೂರುವಂಥ ಏಳು ಸೀಟಿನ ಹೊಸ ಕಾರೊಂದು ಮಾರಾಟಕ್ಕೆ ಬಂದಿದೆ. ಕೊಳ್ಳಬೇಕೋ ಬೇಡವೋ ಎಂದು ದೊರೆ ಸರ್ಜಪ್ಪ ನಾಯಕರು ನಿದ್ದೆಗೆಟ್ಟಿದ್ದಾರೆ. ಅರಮನೆಯ ಮೂರು ಒಗಟು ಬಿಡಿಸಿದವನ ಮಾತಿನಂತೆ ನಡೆಯುವರು, ಕೇಳಿದ ಉಡುಗೊರೆ ಕೊಡುವರು. ಒಂದು ತಪ್ಪಿದರೂ ಹೊತ್ತು ಮುಳುಗುವುದರೊಳಗೆ ತಲೆ ತೆಗೆಸುವರು. ಒಪ್ಪಿದವರು ಬಂದು ತಟ್ಟೆಯ ವೀಳ್ಯ ಎತ್ತತಕ್ಕದ್ದು.”

ಹೀಗೆಂದು ಊರೆಲ್ಲ ಡಂಗುರ ಹೊಡೆಸಿದರು. ರಾಜರೂ ಕಾರುಗಳೂ ಒಂದೇ ಕಾಲದಲ್ಲಿ ಹೇಗಿದ್ದವು ಎಂದು ಕೇಳಬೇಡಿ, ಇದ್ದವು. ಆ ಹೊಸ ಕಾರಾದರೋ ಸಾದಾ ಕಾರಿನಂತೆ ಮೆತ್ತಗೆ, ಜೀಪಿನಂತೆ ಎತ್ತರ, ಹಳ್ಳದಲ್ಲೂ ಇಳಿಯುತ್ತದೆ ಎಂದು ತಂದ ವ್ಯಾಪಾರಿ ಹೇಳುತ್ತಿದ್ದ.

ಚೌಡನಿಗೆ ಮಾತ್ರ ಡಂಗುರ ಕೇಳಿಸಲಿಲ್ಲ. ಊರಾಚೆ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಈ ಬಡಪಾಯಿ ಆಗ ಅರಮನೆಯ ಅಂಗಳದಲ್ಲಿ ಕಾರಿನ ಅಡಿ ಮಲಗಿದ್ದ. ಹಿಂದಿನ ದಿನ ದೊರೆ, ರಾಣಿ, ದೊರೆಯ ತಾಯಿ ಒಂದೇ ಮದುವೆಗೆ ಮೂರು ಕಾರುಗಳಲ್ಲಿ ಹೋಗಿ, ಜಾಲಿಮುಳ್ಳಿನ ದಾರಿಯಲ್ಲಿ ಮೂರನ್ನೂ ಪಂಕ್ಚರ್ ಮಾಡಿಕೊಂಡು ಬಂದಿದ್ದರು.

ಕೆಲಸ ಮುಗಿಸಿ ಕೈ ತೊಳೆದವನಿಗೆ ಪಡಸಾಲೆಯಲ್ಲಿ ಬೆಳ್ಳಿ ತಟ್ಟೆ ಕಂಡಿತು. ಹುಲಿಗುಡ್ಡದಲ್ಲಿ ಕೆಲಸ ಮುಗಿಸಿದ ಆಳಿಗೆ ಎಲೆಅಡಿಕೆ ಕೊಡದೆ ಕಳಿಸುವ ಮನೆಯೇ ಇಲ್ಲ. ಅರಮನೆಯವರೂ ಮರ್ಯಾದಸ್ಥರೇ ಎಂದುಕೊಂಡು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟ. ಕಾವಲುಗಾರರು ರಟ್ಟೆ ಹಿಡಿದಾಗಲೂ ಕೂಲಿ ಕೊಡಲು ಕರೆಯುತ್ತಿದ್ದಾರೆಂದೇ ತಿಳಿದ. ಅವರು ವಿಷಯ ಬಿಡಿಸಿ ಹೇಳಿದಾಗ ಅಗಿಯುವುದನ್ನು ನಿಲ್ಲಿಸಿದ. ತಿಳಿಯದೆ ತಿಂದೆ ಎಂದು ಅತ್ತ, ಕಾಲು ಹಿಡಿದ. ಎತ್ತಿದ ವೀಳ್ಯವನ್ನು ತಟ್ಟೆಗೆ ಹಿಂದಕ್ಕೆ ಹಾಕುವ ಪದ್ಧತಿ ಇಲ್ಲ, ಅದೂ ಅಗಿದದ್ದನ್ನು, ಎಂದು ಕಾವಲುಗಾರನೊಬ್ಬ ಸಮಾಧಾನವಾಗಿಯೇ ತಿಳಿಹೇಳಿದ.

ಚೌಡನಿಗಿಂತ ಮೊದಲು ಇಬ್ಬರು ವೀಳ್ಯ ಎತ್ತಿದ್ದರು. ಒಬ್ಬ ನೆರೆನಾಡಿನ ಯುವರಾಜ, ಹನ್ನೊಂದು ಕಾರುಗಳ ಒಡೆಯ. ಇನ್ನೊಬ್ಬ ಹೊಸ ಕಾರು ತಂದ ವ್ಯಾಪಾರಿಯ ಮಗ. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕುತ್ತಿದ್ದರು. ಯುವರಾಜ ಹೊರಬಂದಾಗ ಕೈಗೆ ಹಗ್ಗ ಬಿದ್ದಿತ್ತು. “ದೊರೆ ಅಂದೆ, ಅದರಲ್ಲೇನು ತಪ್ಪು” ಎಂದು ಗೊಣಗುತ್ತ ಸೆರೆಮನೆಯ ಮೆಟ್ಟಿಲಿಳಿದ. ವ್ಯಾಪಾರಿಯ ಮಗ “ಪೆಟ್ರೋಲ್ ಅಂದುಬಿಟ್ಟೆನಲ್ಲ” ಎಂದು ಹಣೆ ಚಚ್ಚಿಕೊಂಡ. ಅಂಗಳದಲ್ಲಿ ಯಾರೋ ಕತ್ತಿ ಮಸೆಯುತ್ತಿದ್ದರು. ಚೌಡನಿಗೆ ಎರಡು ತಪ್ಪು ಉತ್ತರ ಗೊತ್ತಾಯಿತು, ಪ್ರಶ್ನೆ ಒಂದೂ ಗೊತ್ತಾಗಲಿಲ್ಲ. ಹೊಸ್ತಿಲು ದಾಟಲೊಲ್ಲದ ಅವನನ್ನು ಕಾವಲುಗಾರರು ಹೊತ್ತೇ ಒಳಗೆ ತರಬೇಕಾಯಿತು.

ದೊರೆ ಮೊದಲ ಒಗಟು ಹೇಳಿದರು. ನಾಲ್ವರು ಅಣ್ಣತಮ್ಮಂದಿರು ದಿನವಿಡೀ ಓಡುತ್ತಾರೆ. ಐದನೆಯವನು ಅವರ ಜೊತೆಗೇ ಊರೂರು ಸುತ್ತುತ್ತಾನೆ, ಆದರೆ ಮಲಗಿಕೊಂಡು. ನಾಲ್ವರಲ್ಲಿ ಒಬ್ಬ ಬಿದ್ದರೆ ಮಾತ್ರ ನೆಲ ಮುಟ್ಟುತ್ತಾನೆ. ಯಾರವನು?

“ಸ್ಟೆಪ್ನಿ ಬುದ್ಧಿ” ಎಂದ ಚೌಡ. ಡಿಕ್ಕಿಯನ್ನು ತಾನೇ ಎಂದೂ ತೆರೆಯದ ಯುವರಾಜನಿಗೆ ಅದು ಹೇಗೆ ಹೊಳೆಯಬೇಕು.

ಎರಡನೆಯದು ಇದು. ಕೊಳ್ಳುವಾಗ ನಾವು ಮನಸೋಲುವುದು ಅದಕ್ಕೇ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅರ್ಧ ಹೋಗಿರುತ್ತದೆ, ಒಂದು ಮಳೆಗಾಲ ಕಳೆದರೆ ಪೂರ್ತಿ. ಕದ್ದವರಿಲ್ಲ, ಮತ್ತೆ ತುಂಬಿಸಲು ಬರುವುದಿಲ್ಲ.

ಚೌಡ ಅಂಗಡಿಗೆ ಬರುವ ಗಿರಾಕಿಗಳನ್ನು ನೆನೆಸಿಕೊಂಡ. ಮೊದಲ ವಾರ ಕೂದಲೆಳೆಯಷ್ಟು ಗೀರು ಬಿದ್ದರೂ ಎದೆ ಬಡಿದುಕೊಳ್ಳುವವರು, ಮಳೆಗಾಲ ಕಳೆದ ಮೇಲೆ ಬಾಗಿಲು ನಜ್ಜುಗುಜ್ಜಾದರೂ ತಿರುಗಿ ನೋಡುತ್ತಿರಲಿಲ್ಲ.

“ಹೊಸತನ ಬುದ್ಧಿ.”

ದೊರೆ ತಲೆದೂಗಿದರು. ಮೂರನೆಯದನ್ನು ಪರದೆಯ ಹಿಂದಿನಿಂದ ರಾಣಿ ಕೇಳಿದರು. ಅದರ ಉತ್ತರ ದೊರೆಗೂ ತಿಳಿಯದು. ಅದಕ್ಕೆ ತೂಕವಿಲ್ಲ, ಸೀಟೂ ಬೇಡ. ಆದರೆ ಅದು ಹತ್ತಿತೆಂದರೆ ಏಳು ಸೀಟಿನ ಕಾರಿನಲ್ಲಿ ಮೂವರಿಗೆ ಜಾಗ ಸಾಲದು. ಏನದು?

ಚೌಡನಿಗೆ ಒಂದೇ ಮದುವೆಗೆ ಹೋದ ಮೂರು ಕಾರುಗಳು ನೆನಪಾದವು. ಉತ್ತರ ತಿಳಿಯಿತು, ಭಯ ಇಮ್ಮಡಿಯಾಯಿತು. ಹೇಳಿದರೆ ದೊರೆಯ ಮುಖಕ್ಕೇ ಹೇಳಿದಂತೆ, ಹೇಳದಿದ್ದರೆ ಕತ್ತಿ ಸಿದ್ಧವಾಗಿದೆ. ಆಮೇಲೆ ಅವನಿಗೆ ಹೆಂಡತಿ ಹಾಲಮ್ಮನ ನೆನಪಾಯಿತು, ಸಾವಿಗಿಂತ ಅದೇ ಹೆಚ್ಚು ಹೆದರಿಸಿತು.

“ಬುದ್ಧಿ, ಬೆಳಿಗ್ಗೆ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ನಮ್ಮನೆಯೋಳ ಹತ್ರ ಮಾತು ಬಿಟ್ಟು ಬಂದೆ. ಹೋಗ್ಬರ್ತೀನಿ ಅಂತಲೂ ಅನ್ನಲಿಲ್ಲ. ಇವತ್ತು ನನ್ನ ತಲೆ ಹೋದ್ರೆ, ಆ ಮುನಿಸು ಅವಳು ಸಾಯೋತನಕ ಆ ಮನೇಲಿ ಕೂತಿರತ್ತೆ. ನಮ್ಮದು ಒಂದೇ ಕೋಣೆ ಬುದ್ಧಿ. ಅರಮನೇಲೂ ಅದೇ ಕೂತಿರೋದು. ಕಾರು ಎಷ್ಟು ದೊಡ್ಡದಾದ್ರೂ ಅದಿಳಿಯದೆ ನೀವ್ಯಾರೂ ಹತ್ತೋಕಾಗಲ್ಲ.”

ದೊರೆಯ ಕೈ ಸಿಂಹಾಸನದ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಚೌಡ ಕಣ್ಣು ಮುಚ್ಚಿ ಕುತ್ತಿಗೆ ಬಗ್ಗಿಸಿದ.

“ಸರಿಯಾದ ಉತ್ತರ” ಎಂದು ರಾಣಿಯ ಧ್ವನಿ ಬಂದಿತು.

ದೊರೆ ಎದ್ದು ಪರದೆಯ ಬಳಿ ಹೋಗಿ, ಎರಡು ವರ್ಷದಿಂದ ನಿನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ, ತಪ್ಪು ನನ್ನದು ಎಂದರು. ತಾಯಿಯನ್ನೂ ಕರೆಸಿ ಅದನ್ನೇ ಹೇಳಿದರು. ಏನು ಬೇಕು ಕೇಳು ಎಂದಾಗ ಚೌಡ ಸೆರೆಯಲ್ಲಿದ್ದ ಇಬ್ಬರ ತಲೆ ಕೇಳಿದ, ಕುತ್ತಿಗೆಯ ಸಮೇತ. ದೊರೆ ಅವರನ್ನು ಬಿಡಿಸಿ, ಚೌಡನಿಗೆ ಹತ್ತು ಎಕರೆ ಹೊಲ ಬರೆದುಕೊಟ್ಟರು. ಹೊತ್ತು ಮುಳುಗಿದ್ದರಿಂದ ಅವನನ್ನು ಮನೆಗೂ ತಾವೇ ಬಿಟ್ಟು ಬರಲು ಹೊರಟರು.

ಚೌಡನ ಮಾತಿನಂತೆ ಹೊಸ ಕಾರು ಬಂದ ದಾರಿಯಲ್ಲೇ ಹಿಂದಿರುಗಿತು. ದೊರೆ, ರಾಣಿ, ತಾಯಿ, ಚೌಡ ನಾಲ್ವರೂ ಹಳೆಯ ಸಣ್ಣ ಕಾರಿನಲ್ಲಿ ಮೊಣಕಾಲು ಮಡಚಿ ಕೂತರು. ಊರು ದಾಟುವಷ್ಟರಲ್ಲಿ ಹೊಸದನ್ನು ಕೊಳ್ಳಬೇಕಿತ್ತು ಎಂದು ರಾಣಿ, ಬೇಡವಾಗಿತ್ತು ಎಂದು ಅತ್ತೆ, ಮಾತಿಗೆ ಮಾತು ಶುರುವಾಯಿತು. ದೊರೆಯೂ ಬಾಯಿ ಹಾಕಿದರು. ಎರಡು ವರ್ಷದಲ್ಲಿ ಮೊದಲ ಸಲ ಮೂವರೂ ಒಂದೇ ಕಾರಿನಲ್ಲಿ ಕೂತು ಜಗಳವಾಡುತ್ತಿದ್ದರು.