ಕವರ್ ತೆಗೆಯದ ಸೀಟು

ಪೂವಮ್ಮ ತನ್ನ ಬಿಎಂಎಕ್ಸ್ ಸೈಕಲ್ಲಿಗೆ ಹೊಸ ಸೀಟು ಹಾಕಿಸಿದಳು. ಕೊಳೆಯಾದೀತೆಂದು ಅದರ ಪ್ಲಾಸ್ಟಿಕ್ ಕವರ್ ತೆಗೆಯಲಿಲ್ಲ.

ಸೀಟು ಕೆಳಗಿದ್ದ ಪೆಡಲ್ಲಿಗೆ ಹೇಳಿತು: "ನಾನು ಸಿಂಹಾಸನ, ನೀನು ಕಾಲೊರಸು. ಅಳತೆಯರಿತು ಮಾತಾಡು."

"ಅಪ್ಪಣೆ ದೊರೆ," ಎಂದಿತು ಪೆಡಲ್.

ಪೂವಮ್ಮ ಮಣ್ಣಿನ ದಿಬ್ಬಗಳಿಂದ ಸೈಕಲ್ ಹಾರಿಸುವವಳು. ಹಾಗೆ ಹಾರುವವರು ಪೆಡಲ್ ಮೇಲೆ ನಿಂತೇ ಇರುತ್ತಾರೆ. ಆರು ತಿಂಗಳಲ್ಲಿ ಅವಳು ಪಂದ್ಯ ಗೆದ್ದಳು, ಪೆಡಲ್ ಸವೆದು ಮುರಿಯಿತು. ಅದನ್ನು ಬಿಚ್ಚಿ, ಪದಕದ ಪಕ್ಕದಲ್ಲೇ ಗೋಡೆಗೆ ತೂಗುಹಾಕಿ, ಸೈಕಲ್ಲಿಗೆ ಹೊಸ ಪೆಡಲ್ ಹಾಕಿದಳು.

ಸೀಟು ಹೊಸ ಪೆಡಲ್ಲಿಗೆ ಗೋಡೆ ತೋರಿಸಿ ಹೇಳಿತು: "ಪಾಪ, ಅದರ ಗತಿ ನೋಡು. ನನಗೋ ಒಂದು ಗೀರೂ ಬಿದ್ದಿಲ್ಲ. ಅವಳಿಗೆ ನನ್ನ ಮೇಲೆ ಎಷ್ಟು ಗೌರವವೆಂದರೆ, ಇವತ್ತಿನವರೆಗೂ ಕೂತಿಲ್ಲ."